ಅಡಿಕೆ ಸುಲಿಯುವ ಜಗಲಿಯಲ್ಲಿ ಚಂದನ

ನಮ್ಮಲ್ಲಿ ಅಡಿಕೆ ಸುಲಿಯಲು ಶುರುವಾಗಿ ಹದಿನೈದು ದಿನ ಆಯ್ತು. ಶಿರಸಿ ಕಡೆಯವರಿಗೆ ಇದನ್ನೆಲ್ಲ ಹೇಳಬೇಕಿಲ್ಲ. ಬೇರೆ ಊರಿನವರಿಗಾಗಿ ಹೇಳುತ್ತೇನೆ. ಕೊನೆಗೌಡ, ಅಂದರೆ ಮರ ಹತ್ತಿ ಅಡಿಕೆ ಕೊನೆ ಕೊಯ್ಯುವವನು, ಮರದಿಂದ ಇಳಿಸಿದ ಹಸಿ ಅಡಿಕೆಯನ್ನು ಜಾಸ್ತಿ ದಿನ ಇಡಲು ಆಗುವುದಿಲ್ಲ. ಸುಲಿಯಬೇಕು, ಬೇಯಿಸಬೇಕು, ಬಿಸಿಲಿಗೆ ಹರವಬೇಕು. ಹಾಗಾಗಿ ಸಂಜೆ ಆರರಿಂದ ರಾತ್ರಿ ಹತ್ತರವರೆಗೆ ಜಗಲಿಯಲ್ಲಿ ಮೆಟ್ಟುಗತ್ತಿಗಳ ಮುಂದೆ ಕೂತಿರುತ್ತೇವೆ. ನಾನು, ಹೆಂಡತಿ, ಆಯಿ (ನನ್ನ ಅಮ್ಮ), ಪಕ್ಕದಲ್ಲಿ ಪುಸ್ತಕ ಹರಡಿಕೊಂಡ ಎಂಟನೇ ಕ್ಲಾಸಿನ ಮಗಳು, ಮತ್ತೆ ಸುಲಿಯಲು ಬರುವ ಅಕ್ಕಪಕ್ಕದ ಏಳು ಜನ. ಗೋಡೆಯ ಮೇಲೆ ಟಿವಿ. ಟಿವಿಯಲ್ಲಿ ದೂರದರ್ಶನದ ಚಂದನ.

ಚಂದನವೇ ಯಾಕೆ ಅಂದರೆ, ಎಲ್ಲರ ಕೈಗೂ ಅಡಿಕೆ ರಸ ಹತ್ತಿ ಬೆರಳು ಕಪ್ಪಾಗಿರುತ್ತದೆ. ರಿಮೋಟ್ ಮುಟ್ಟುವವರಿಲ್ಲ. ಆಯಿ ದೇವರಿಗೆ ದೀಪ ಹಚ್ಚಿ ಬಂದು ಹಾಕಿದ ಚಾನೆಲ್ಲೇ ರಾತ್ರಿವರೆಗೂ ಓಡುತ್ತದೆ. ಮೊದಲ ದಿನ ನಾನು ಬದಲಾಯಿಸಲು ಎದ್ದೆ. "ತಿರುಗ್ಸಡ ತಮಾ, ಇರ್ಲಿ" ಅಂದಳು. ಅವತ್ತಿನಿಂದ ಹಾಗೇ ಇದೆ. ಹದಿನೈದು ದಿನ ನೋಡಿದ ಮೇಲೆ ಒಂದು ಮಾತು ಬರೆಯಲೇಬೇಕು ಅನ್ನಿಸಿತು.

ಒಂದೇ ಸಂಜೆಯಲ್ಲಿ ಕೃಷಿ ಬರುತ್ತದೆ, ವಾರ್ತೆ ಬರುತ್ತದೆ, ಹಾಡು ಬರುತ್ತದೆ, ಡಾಕ್ಟರ ಮಾತು ಬರುತ್ತದೆ, ಕ್ವಿಜ್ ಬರುತ್ತದೆ. ನಾನು ಕಾಯುವುದು ಕೃಷಿಗೆ. ಈ ವರ್ಷ ತೋಟದಲ್ಲಿ ಎಲೆಚುಕ್ಕಿ ರೋಗ ಕಂಡಿದೆ. ಗಾಳಿ ಮಳೆಯಲ್ಲಿ ಹರಡುವ ಶಿಲೀಂಧ್ರ ಅದು. ಜಾಸ್ತಿ ಚುಕ್ಕಿ ಬಿದ್ದ ಸೋಗೆ ಕಡಿದು ಸುಟ್ಟುಬಿಡಬೇಕು, ತೋಟದಲ್ಲೇ ಬಿಡಬಾರದು. ಇದು ನನಗೆ ಬೇಕಾದ ವಿಷಯ, ನಾನು ಕಿವಿಗೊಟ್ಟು ಕೇಳಿದೆ. ಮರುದಿನ ಬೆಳಿಗ್ಗೆ ತೋಟದಲ್ಲಿ ಬಿದ್ದಿದ್ದ ಸೋಗೆಯೊಂದನ್ನು ಮಗಳು ಎತ್ತಿಕೊಂಡು ಬಂದು, "ಅಪ್ಪ, ಇದು ಅದೇ ಅಲ್ವಾ?" ಅಂತ ಹಳದಿ ಅಂಚಿನ ಕಂದು ಚುಕ್ಕಿ ತೋರಿಸಿದಳು. ಅವಳು ಕ್ವಿಜ್‌ಗೆ ಕಾಯುತ್ತಾ ಕೂತಿದ್ದವಳು. ಕಾಯುವಾಗ ನನ್ನ ಕಾರ್ಯಕ್ರಮ ಅವಳ ಕಿವಿಗೂ ಬಿದ್ದಿದೆ.

ನನಗೆ ಖುಷಿ ಕೊಡುವುದು ಇದೇ. ನಮ್ಮದು ಬರುವ ತನಕ ಇನ್ನೊಬ್ಬರದ್ದನ್ನು ನೋಡುತ್ತೇವೆ. ಆಯಿ ಭಾವಗೀತೆಗೆ ಕಾಯುತ್ತಾ ಮಣ್ಣು ಪರೀಕ್ಷೆ ಕೇಳುತ್ತಾಳೆ. ನಾನು ವಾರ್ತೆಗೆ ಕಾಯುತ್ತಾ ಮಂಡಿನೋವಿನ ಬಗ್ಗೆ ಕೇಳಿ, ಆಯಿ ಯಾಕೆ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತಾಳೆ ಅಂತ ಅರ್ಥ ಮಾಡಿಕೊಂಡೆ. ಫೋನಿನಲ್ಲಾದರೆ ನಾನು ಮಂಡಿನೋವು ಅಂತ ಹುಡುಕುತ್ತಲೇ ಇರಲಿಲ್ಲ.

ಇನ್ನು ಕ್ವಿಜ್. 'ಥಟ್ ಅಂತ ಹೇಳಿ' 2002ರಲ್ಲಿ ಶುರುವಾದದ್ದು. ಡಾ. ನಾ. ಸೋಮೇಶ್ವರ ಅವರು ಅವತ್ತಿನಿಂದ ಅದೇ ಶಾಂತ ದನಿಯಲ್ಲಿ ಪ್ರಶ್ನೆ ಕೇಳುತ್ತಾ ಬಂದಿದ್ದಾರೆ. ಗೆದ್ದವರಿಗೆ ಕಾರು, ಕೋಟಿ ಇಲ್ಲ. ಕನ್ನಡ ಪುಸ್ತಕ ಕೊಡುತ್ತಾರೆ. ಮೊನ್ನೆ ಕರ್ಣನ ಸಾರಥಿ ಯಾರು ಅಂತ ಪ್ರಶ್ನೆ ಬಂತು. ಸ್ಪರ್ಧಿಗಳು ಯೋಚಿಸುತ್ತಿದ್ದರು. ನಮ್ಮ ಜಗಲಿಯ ಮೂಲೆಯಿಂದ, ಕತ್ತಿಯಿಂದ ಕಣ್ಣು ಎತ್ತದೆ, ಒಬ್ಬ ಹೆಂಗಸು "ಶಲ್ಯ ಅಲ್ದಾ!" ಅಂದಳು. ಅವಳು ಶಾಲೆಗೆ ಹೋದದ್ದು ಎರಡನೇ ಕ್ಲಾಸಿನವರೆಗೆ. ಆದರೆ ರಾತ್ರಿಯಿಡೀ ಬಯಲಾಟ ನೋಡಿ ಬೆಳೆದವಳು. ಕರ್ಣ ರಥ ಇಳಿಯುವುದನ್ನು ಎಷ್ಟು ಸಲ ನೋಡಿದ್ದಾಳೋ. ಟಿವಿಯಲ್ಲಿ ಸರಿ ಉತ್ತರ ಹೇಳಿದಾಗ ಅವಳ ಕೈ ಒಂದು ಕ್ಷಣ ನಿಂತಿತು. ಮಗಳು ಚಪ್ಪಾಳೆ ತಟ್ಟಿದಳು. ಮರುದಿನದಿಂದ ಆ ಹೆಂಗಸು ಸ್ವಲ್ಪ ಮುಂದೆ, ಟಿವಿಗೆ ಹತ್ತಿರ ಕೂರುತ್ತಿದ್ದಾಳೆ.

ಅವಳ ಮನೆಯಲ್ಲಿ ಇರುವುದು ಡಿಡಿ ಫ್ರೀ ಡಿಶ್. 2004ರಲ್ಲಿ ಬಂದ ಸೇವೆ ಅದು. ಡಿಶ್, ಬಾಕ್ಸ್ ಒಂದು ಸಲ ತಗೊಂಡರೆ ಸಾಕು, ತಿಂಗಳ ದುಡ್ಡು ಇಲ್ಲ. ಘಟ್ಟದ ನಮ್ಮ ಎಷ್ಟೋ ಊರುಗಳಲ್ಲಿ ಮೊಬೈಲ್ ನೆಟ್‌ವರ್ಕ್ ಬೇಕೆಂದರೆ ಇವತ್ತಿಗೂ ಗುಡ್ಡ ಹತ್ತಬೇಕು. ಅಂಥ ಮನೆಗಳಿಗೆ ಟಿವಿ ಅಂದರೆ ಇದೇ. "ಚಂದನ ಯಾರು ನೋಡ್ತಾರೆ ಈಗ" ಅಂತ ಪೇಟೆಯ ಗೆಳೆಯರು ಕೇಳಿದಾಗ ನನಗೆ ಬೇಜಾರಾಗುತ್ತದೆ. ಸುಮ್ನೆ ಕೇಳುತ್ತಾರೆ, ಗೊತ್ತು. ಆದರೂ ಬೇಜಾರಾಗುತ್ತದೆ.

ಬೇರೆ ಚಾನೆಲ್‌ಗಳನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ಧಾರಾವಾಹಿ ನಮ್ಮ ಮನೆಯಲ್ಲೂ ನಡೆಯುತ್ತದೆ. ಆದರೆ ಜಾಹೀರಾತು ನಂಬಿಕೊಂಡ ಚಾನೆಲ್ ಅಡಿಕೆ ರೋಗಕ್ಕೆ, ಕನ್ನಡ ಪುಸ್ತಕಕ್ಕೆ, ಜನಪದ ಹಾಡಿಗೆ ಸಂಜೆಯ ಹೊತ್ತು ಬಿಟ್ಟುಕೊಡುವುದು ಕಷ್ಟ. ಅದನ್ನು ಮಾಡಬೇಕಾದದ್ದು ಜನರ ದುಡ್ಡಿನಲ್ಲಿ ನಡೆಯುವ ದೂರದರ್ಶನವೇ.

ನಮ್ಮ ಜಿಲ್ಲೆಯ ಮಟ್ಟಿಗೆ ಈ ಕೆಲಸಕ್ಕೆ ಅವಸರವೂ ಇದೆ. ಯಕ್ಷಗಾನದಲ್ಲಿ ಭಸ್ಮಾಸುರನಾಗಿ ರಂಗ ನಡುಗಿಸುತ್ತಿದ್ದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು 2017ರಲ್ಲಿ ಹೋದರು. ಸಾವಿರಾರು ಗಿಡ ಬೆಳೆಸಿದ ಅಂಕೋಲಾದ ತುಳಸಿ ಗೌಡ 2024ರ ಡಿಸೆಂಬರಿನಲ್ಲಿ ಹೋದರು. ಎರಡೇ ತಿಂಗಳಿಗೆ ಹಾಲಕ್ಕಿ ಸಮುದಾಯದ ಹಾಡುಗಳ ಸುಕ್ರಿ ಬೊಮ್ಮಗೌಡರೂ ಹೋದರು. ಮೂವರೂ ಪದ್ಮಶ್ರೀ ಪಡೆದವರು. ಪ್ರಶಸ್ತಿ ಸಿಗದ, ಹಾಡು ತುಂಬಿಕೊಂಡ ಅಜ್ಜಿಯರು ಕಾರವಾರದಿಂದ ಹೊನ್ನಾವರದ ತನಕ ಇನ್ನೂ ಇದ್ದಾರೆ. ಕ್ಯಾಮೆರಾ ತಗೊಂಡು ಬೇಗ ಬನ್ನಿ.

ಇನ್ನೊಂದೇ ಕೇಳಿಕೆ. ಅಡಿಕೆ ಸುಲಿಯುವ ಈ ತಿಂಗಳುಗಳಲ್ಲಾದರೂ ವಾರಕ್ಕೆ ಒಂದು ರಾತ್ರಿ, ಎಂಟು ಗಂಟೆಗೆ, ನಮ್ಮ ಕಡೆಯ ಯಕ್ಷಗಾನ ಶೈಲಿಯಾದ ಬಡಗುತಿಟ್ಟಿನ ಒಂದು ತಾಸಿನ ಆಟ ಹಾಕಿ. ನಮ್ಮ ಜಗಲಿಯಲ್ಲೇ ಹನ್ನೊಂದು ಜನ ಇದ್ದೇವೆ.