ಚಿಕ್ಕಮಗಳೂರಿನಲ್ಲಿ ಕಾಫಿ ಇಲ್ಲ

ಪಕ್ಕದ ಮನೆ ಹುಡುಗ ನೋಟ್‌ಬುಕ್ ಹಿಡಿದುಕೊಂಡು ಗೇಟು ತೆಗೆದ ಅಂದರೆ ಅವತ್ತಿನ ನನ್ನ ಸಂಜೆ ಮುಗಿಯಿತು ಅಂತಲೇ ಲೆಕ್ಕ. ಈ ಸಲದ ಹೋಂವರ್ಕ್: ನಮ್ಮೂರ ಹೆಸರಿನ (Chikkamagaluru) ಇಂಗ್ಲಿಷ್ ಅಕ್ಷರಗಳನ್ನು ಹಿಂದೆಮುಂದೆ ಮಾಡಿ 50 ಇಂಗ್ಲಿಷ್ ಪದ ಬರೆಯಬೇಕು. 'ಅಮ್ಮ ನಿಮ್ಮನ್ನೇ ಕೇಳು ಅಂದ್ರು' ಎಂದ. ಅಮ್ಮನಿಗೆ ಧಾರಾವಾಹಿ ಇರುತ್ತದೆ, ನನಗೆ ಕೆಲಸ ಇರುವುದಿಲ್ಲ. ನಮ್ಮ ಬೀದಿಯಲ್ಲಿ ಇದು ಎಲ್ಲರಿಗೂ ಗೊತ್ತಿರುವ ವಿಷಯ.

ಕೂತೆವು. ಕೈಯಲ್ಲಿ ಲೋಟ ಇತ್ತಲ್ಲ, ಮೊದಲು ಬಾಯಿಗೆ ಬಂದದ್ದು ಕಾಫಿ. ಹುಡುಗ ಅಕ್ಷರ ನೋಡಿ ತಲೆ ಅಲ್ಲಾಡಿಸಿದ. ಓ ಇಲ್ಲ, ಎಫ್ ಇಲ್ಲ, ಇ ಕೂಡ ಇಲ್ಲ. ಬಾಬಾ ಬುಡನ್ ಏಳು ಬೀಜ ಬಚ್ಚಿಟ್ಟುಕೊಂಡು ಬಂದ ಕಥೆಯನ್ನು ಬಂದವರಿಗೆಲ್ಲ ಹೇಳುವ ಊರಿನ ಹೆಸರಲ್ಲಿ ಕಾಫಿಯೇ ಹುಟ್ಟೋದಿಲ್ಲ! ಟೀನೂ ಇಲ್ಲ. ಶುಗರ್ ಅಂದರೆ ಎಸ್ ಇಲ್ಲ. ಮಿಲ್ಕ್ ಸಿಗುತ್ತದೆ. ರಮ್ಮೂ ಸಿಗುತ್ತದೆ, ಅದನ್ನು ಹುಡುಗನ ಅಮ್ಮ ಆಮೇಲೆ ರಬ್ಬರ್ ಹಾಕಿ ಅಳಿಸಿದರಂತೆ. ಮುಳ್ಳಯ್ಯನಗಿರಿಯ ಬುಡದಲ್ಲಿದ್ದುಕೊಂಡು ಹಿಲ್ ಅಂತ ಬರೆಯೋಕಾಗೋದಿಲ್ಲ, ಎಲ್ ಒಂದೇ. ಇಷ್ಟು ಮಳೆ ಹೊಡೆಯುತ್ತದೆ, ರೈನ್‌ಗೆ ಎನ್ ಇಲ್ಲ.

ಆದರೂ ಈಗಿನ ಮಕ್ಕಳು ಪುಣ್ಯವಂತರು. 2014ರ ನವೆಂಬರ್ 1ಕ್ಕೆ ಬೆಂಗಳೂರು, ಮೈಸೂರುಗಳ ಜೊತೆ ನಮ್ಮೂರ ಸ್ಪೆಲ್ಲಿಂಗೂ ಬದಲಾಯಿತು. 11 ಅಕ್ಷರ ಇದ್ದದ್ದು 14 ಆಯಿತು. ಒಂದು ಕೆ, ಒಂದು ಎ, ಒಂದು ಯು ಜಾಸ್ತಿ. ಅದಕ್ಕೆ ಮುಂಚೆ ನಮ್ಮೂರಲ್ಲಿ ಕಿಕ್ ಇರಲಿಲ್ಲ, ಗುರುವೂ ಇರಲಿಲ್ಲ. ಹಾಸನದವರ ಹೆಸರು ಆ ಪಟ್ಟಿಯಲ್ಲಿ ಬರಲೇ ಇಲ್ಲ. ಈಗಲೂ ಅವರದು ಆರೇ ಅಕ್ಷರ. ಹ್ಯಾಸ್, ಆ್ಯಶ್, ಸ್ಯಾಶ್, ಇನ್ನೊಂದೆರಡು, ಅಲ್ಲಿಗೆ ಹೋಂವರ್ಕ್ ಮುಗಿಯಿತು. ನನ್ನ ಭಾವನ ಮಗಳು ಹಾಸನದಲ್ಲಿ ಓದುತ್ತಾಳೆ, ಅವಳ ಅದೃಷ್ಟ.

ನಾನು ಗುರು, ಕರ್ಮ, ಚಕ್ರ ಮೂರನ್ನೂ ಬರೆಸಿ ಕಳಿಸಿದೆ. ಮೂರಕ್ಕೂ ಕೆಂಪು ಗೀಟು ಬಿದ್ದು ವಾಪಸ್ ಬಂತು. ಇವು ನಮ್ಮ ಪದಗಳಂತೆ. ಅಲ್ರೀ, ಇಂಗ್ಲಿಷ್ ಡಿಕ್ಷನರಿ ತೆಗೆದು ನೋಡಬಾರದಾ? ಅವರು ಯಾವತ್ತೋ ಒಯ್ದು ಒಳಗೆ ಹಾಕಿಕೊಂಡದ್ದನ್ನು ನಾಲ್ಕನೇ ಕ್ಲಾಸಿನ ಹುಡುಗನ ನೋಟ್‌ಬುಕ್ಕಿನಲ್ಲಿ ವಾಪಸ್ ಕೇಳಬೇಕಾ? ತಮಾಷೆ ಅಂದರೆ ಹೈಕು ಪಾಸಾಗಿತ್ತು. ಜಪಾನಿನವರದಾದರೆ ಪರವಾಗಿಲ್ಲ.

ಇದಕ್ಕಿಂತ ಹೊಟ್ಟೆ ಉರಿಸಿದ್ದು ಇನ್ನೊಂದು. ಅದೇ ಕ್ಲಾಸಿನ ಹುಡುಗಿಯೊಬ್ಬಳ ಅಪ್ಪ ಅಕ್ಷರಗಳನ್ನೆಲ್ಲ ಮೊಬೈಲಿಗೆ ತುಂಬಿ, ಬಂದ ಪಟ್ಟಿಯನ್ನು ಪ್ರಿಂಟ್ ಹಾಕಿಸಿ ಕಳಿಸಿದ್ದರು. ಮಗಳಿಗೆ ಸ್ಟಾರ್. ಅದರಲ್ಲಿ ಅರ್ಧಕ್ಕರ್ಧ ಪದ ಏನು ಅಂತ ಅಪ್ಪನಿಗೂ ಗೊತ್ತಿಲ್ಲ, ಮಿಸ್ಸಿಗೂ ಗೊತ್ತಿಲ್ಲ.

ನಮ್ಮ ಸೋದರಮಾವನ ಹತ್ತಿರ ಈ ಆಟ ನಡೆಯುತ್ತಿರಲಿಲ್ಲ. ಮಾವ ಆಲ್ದೂರಿನ ಕಡೆ ತೋಟದಲ್ಲಿದ್ದವರು. ಆಷಾಢದ ಮಳೆ ಹಿಡಿಯಿತು ಅಂದರೆ ಹೋದ ಕರೆಂಟು ವಾರಗಟ್ಟಲೆ ತಿರುಗಿ ನೋಡುತ್ತಿರಲಿಲ್ಲ. ಲಾಟೀನು, ಕಂಬಳಿ, ಸುಟ್ಟ ಹಲಸಿನ ಬೀಜ, ಇಂಗ್ಲಿಷ್ ಅಕ್ಷರದ ಬಿಲ್ಲೆಗಳನ್ನು ಹಲಗೆ ಮೇಲೆ ಜೋಡಿಸಿ ಪದ ಕಟ್ಟುವ ಸ್ಕ್ರಾಬಲ್ ಆಟದ ಡಬ್ಬ. ಡಬ್ಬದಲ್ಲಿ 100 ಬಿಲ್ಲೆ ಇರಬೇಕು. ಎಷ್ಟೋ ಕಳೆದುಹೋಗಿದ್ದವು. ಅವುಗಳ ಬದಲಿಗೆ ಮಾವ ಪಾರ್ಚ್‌ಮೆಂಟ್, ಅಂದರೆ ಒಳಸಿಪ್ಪೆ ಇನ್ನೂ ಬಿಡಿಸದ ಕಾಫಿ ಬೀಜ ಹಾಕಿದ್ದರು. ಬೀಜ ಬಂದವರು ತಮಗೆ ಬೇಕಾದ ಅಕ್ಷರ ಅಂದುಕೊಳ್ಳಬಹುದು. ಅಸಲಿ ಆಟದಲ್ಲಿ ಇಂಥ ಖಾಲಿ ಬಿಲ್ಲೆ ಎರಡೇ. ಆದರೆ ಬೆಳೆಗಾರರ ಜೇಬಲ್ಲಿ ಬೀಜಕ್ಕೆ ಬರವೇ?

ಆಟ ಕಟ್ಟಿದ ಅಮೆರಿಕದ ಆಲ್ಫ್ರೆಡ್ ಬಟ್ಸ್ ಒಬ್ಬ ಆರ್ಕಿಟೆಕ್ಟ್. 1930ರ ದಶಕದಲ್ಲಿ ಕೆಲಸ ಇಲ್ಲದೆ ಕೂತಿದ್ದಾಗ ಪತ್ರಿಕೆಯ ಮುಖಪುಟದ ಅಕ್ಷರಗಳನ್ನು ಎಣಿಸಿ, ಯಾವ ಅಕ್ಷರ ಎಷ್ಟಿರಬೇಕು ಅಂತ ಲೆಕ್ಕ ಹಾಕಿದ ಪುಣ್ಯಾತ್ಮ. ಇ 12. ಎಸ್ ಮಾತ್ರ ಬೇಕೆಂದೇ ನಾಲ್ಕು. ಕಂಡ ಪದಕ್ಕೆಲ್ಲ ಎಸ್ ಅಂಟಿಸಿ ಪಾಯಿಂಟ್ ಹೊಡೆಯಬಾರದಲ್ಲ. ಆ ನಾಲ್ಕೂ ಎಸ್ ಹೇಗೋ ಮಾವನ ಕೈಗೇ ಬರುತ್ತಿದ್ದವು. ಒಂದು ರಾತ್ರಿ ಅತ್ತೆ ಅಡುಗೆಮನೆಯಿಂದ ಬಂದರು. ಮಾವನ ಮಂಡಿ ಕೆಳಗಿನ ಕಂಬಳಿಯ ಮಡಿಕೆಯಿಂದ ಒಂದು ಬಿಲ್ಲೆ ಎತ್ತಿ ಹಲಗೆ ಮೇಲಿಟ್ಟರು. ಏನೂ ಮಾತಾಡದೆ ಒಳಗೆ ಹೋದರು. ಮಾವನೂ ಏನೂ ಮಾತಾಡಲಿಲ್ಲ.

ತಕರಾರು ಬಂದರೆ ಡಿಕ್ಷನರಿ ಇತ್ತು. ಆದರೆ ಗೆದ್ದಲು ತಿಂದು ಪಿ ಆದಮೇಲೆ ಹಾಳೆಗಳೇ ಇರಲಿಲ್ಲ. ಹಾಗಾಗಿ ಕ್ಯೂದಿಂದ ಜೆಡ್‌ವರೆಗೆ ಮಾವ ಹೇಳಿದ್ದೇ ಪದ. ಕ್ಯೂಗೂ ಜೆಡ್‌ಗೂ ತಲಾ 10 ಪಾಯಿಂಟ್ ಬೇರೆ! ಒಮ್ಮೆ 'ಜೂರ್ಗ್' ಅಂತ ಇಟ್ಟರು. ಹಾಗಂದರೇನು ಎಂದರೆ 'ಪಲ್ಪರ್ ಒಳಗಿನ ಒಂದು ಪಾರ್ಟು' ಎಂದರು. ಪಲ್ಪರ್ ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ. ಪಲ್ಪರ್ ಬಿಚ್ಚಿ ತೋರಿಸಿ ಎಂದೆವು. 'ಮಳೆ ಬಿಡಲಿ ತಡಿ.' ಮಳೆ ಬಿಟ್ಟಾಗ ನಮ್ಮ ಸ್ಕೂಲು ಶುರುವಾಗಿತ್ತು.

ಊರ ಹೆಸರನ್ನು ಹಲಗೆ ಮೇಲೆ ಇಡಬೇಕು ಅಂತಲೂ ಮಾವನಿಗೆ ಆಸೆ. ಊರು, ಮನುಷ್ಯರ ಹೆಸರು ನಡೆಯೋದಿಲ್ಲ ಅಂತ ಡಬ್ಬದ ಮೇಲೇ ಬರೆದಿತ್ತು. 'ಅದು ಅವರೂರಿನ ರೂಲು' ಎನ್ನುತ್ತಿದ್ದರು. ಹಲಗೆ 15 ಮನೆ ಅಗಲ, ಈಗಿನ 14 ಅಕ್ಷರವೂ ಆರಾಮಾಗಿ ಹಿಡಿಸುತ್ತದೆ. ತೊಂದರೆ ಏನೆಂದರೆ ಆಟದಲ್ಲಿರುವ ಕೆ ಒಂದೇ. ಇನ್ನೊಂದಕ್ಕೆ ಮಾವ ಬೀಜ ಇಡುತ್ತಿದ್ದರು, ಬಿಡಿ.

ಅರ್ಥ ಗೊತ್ತಿಲ್ಲದ ಪದಕ್ಕೆ ಏನು ಬೆಲೆ ಅಂತ ವಾದ ಮಾಡಬೇಕೆಂದಿದ್ದೆ. ಅಷ್ಟರಲ್ಲಿ ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ ಅಡ್ಡ ಬಂದರು. ಈ ಮಹಾಶಯರು ಫ್ರೆಂಚ್ ಮಾತಾಡಲು ಬಾರದೆಯೇ, ಪದಗಳ ಪಟ್ಟಿಯನ್ನು ಬಾಯಿಪಾಠ ಮಾಡಿಕೊಂಡು, 2015ರಲ್ಲಿ ಫ್ರೆಂಚ್ ಸ್ಕ್ರಾಬಲ್ಲಿನ ವಿಶ್ವ ಚಾಂಪಿಯನ್ ಆದರು. ಇರಲಿ, ಅವರು ಬಾಯಿಪಾಠವಾದರೂ ಮಾಡಿದ್ದರು. ಪ್ರಿಂಟ್ ಹಾಕಿಸಿದ್ದಲ್ಲ.

ಈಗ ನನಗೇ ಈ ಚಾಳಿ ಅಂಟಿಕೊಂಡಿದೆ. ಶಿವಮೊಗ್ಗಕ್ಕೆ ಹೊರಟರೆ ಸ್ಟೇಷನ್ ಬೋರ್ಡ್ ಸುಮ್ನೆ ಓದೋಕಾಗೋದಿಲ್ಲ. ಕಡೂರಲ್ಲಿ ಡಾರ್ಕ್. ಬೀರೂರಲ್ಲಿ ಬೀರ್ ಇಲ್ಲ, ಯಾಕಂದ್ರೆ ಇ ಇಲ್ಲ. ತರೀಕೆರೆಯಲ್ಲಿ ಟೀ ಸಿಗುತ್ತದೆ, ಅದಕ್ಕೂ ಮೊನ್ನೆ ಸ್ಟೇಷನ್ನಿನಲ್ಲಿ ಕುಡಿದದ್ದಕ್ಕೂ ಸಂಬಂಧ ಇಲ್ಲ. ಭದ್ರಾವತಿಯಲ್ಲಿ ಬಾತ್ ಇದೆ, ಸ್ನಾನದ್ದು, ತಿನ್ನುವುದಲ್ಲ. ಎದುರು ಸೀಟಿನವರು 'ಶಿವಮೊಗ್ಗಕ್ಕಾ ಸರ್?' ಅಂತ ವಿಶ್ವಾಸದಿಂದ ಕೇಳಿದರೆ, 'ಜಿ ಎರಡಿದೆ' ಅಂತ ಬಾಯಿಗೆ ಬರುತ್ತದೆ.