ಎರಡು ಗೇಣು, ಒಂದು ಚೋಟು

"ಹದಿನಾಲ್ಕು ಇಂಚಿನ ಟೈರ್ ತಾನೆ? ಯಾವ್ದಾದ್ರೂ ಒಂದು ತಂದು ಹಾಕಿದ್ರಾಯ್ತಪ್ಪ!"

ಈ ಮಾತು ಹೇಳುವವರನ್ನೆಲ್ಲ ಸಾಲಾಗಿ ನಿಲ್ಲಿಸಿ, ಕೈಗೊಂದು ಬಳಪ ಕೊಟ್ಟು, ಲೆಕ್ಕ ಬಿಡಿಸಿ ಅನ್ನಬೇಕು. ಹಳೆ ಸ್ಪೋರ್ಟ್ಸ್ ಕಾರಿಗೆ ಸ್ಟೆಪ್ನಿ ಹುಡುಕಿದವರಿಗೆ ನನ್ನ ಸಿಟ್ಟು ಅರ್ಥ ಆಗುತ್ತೆ. ಉಳಿದವರು ನಗಬಹುದು.

ಕಾರು 1970ರ ದಶಕದ್ದು. ಎರಡೇ ಸೀಟು, ಉದ್ದ ಮೂತಿ, ಮೋಟು ಹಿಂಬದಿ. ನೋಡಿದವರೆಲ್ಲ ಎಂಜಿನ್ ಬಗ್ಗೆ ಕೇಳುತ್ತಾರೆ, ಬಣ್ಣದ ಬಗ್ಗೆ ಕೇಳುತ್ತಾರೆ. ಸ್ಟೆಪ್ನಿ ಎಲ್ಲಿದೆ ಅಂತ ಒಬ್ಬರೂ ಕೇಳಲ್ಲ. ಮಾಡಿದವರೂ ಕೇಳಿಕೊಂಡ ಹಾಗಿಲ್ಲ. ಎಂಜಿನ್ ಇಟ್ಟರು, ಪೆಟ್ರೋಲ್ ಟ್ಯಾಂಕ್ ಇಟ್ಟರು, ಕೊನೆಗೆ "ಅಯ್ಯೋ, ಸ್ಟೆಪ್ನಿ!" ಅಂತ ನೆನಪಾಗಿ ಡಿಕ್ಕಿಯಲ್ಲಿ ಒಂದು ಗುಂಡಿ ತೋಡಿದರು. ದೊಡ್ಡವರ ಮನೆಯ ಕಥೆಯೂ ಇದೇ. 1954ರಲ್ಲಿ ಬಂದ ರೆಕ್ಕೆ ಬಾಗಿಲಿನ ಮರ್ಸಿಡಿಸ್ 300 ಎಸ್‌ಎಲ್ ಇದೆಯಲ್ಲ, ಅದರ ಡಿಕ್ಕಿ ತೆಗೆದರೆ ಬಹುಪಾಲು ಸ್ಟೆಪ್ನಿಯದೇ ದರ್ಬಾರು. ಬಟ್ಟೆಬರೆಯ ಪೆಟ್ಟಿಗೆ ಸೀಟಿನ ಹಿಂದೆ ಇಡಬೇಕಿತ್ತು.

ನಮ್ಮ ಗುಂಡಿಯನ್ನು ತೋಡಿದ್ದು 165 ಆರ್14 ಟೈರಿಗೆ. (14 ಅನ್ನೋದು ಟೈರು ಕೂರುವ ಚಕ್ರದ ಇಂಚು, ಟೈರಿನ ಎತ್ತರ ಅಲ್ಲ.) ಆ ಅಳತೆಯದು ಈಗ ಸಿಗೋದು ಕಷ್ಟ. ಸಿಕ್ಕರೂ ಹಳೆ ಕಾರುಗಳಿಗೆ ಅಂತಲೇ ಮಾಡಿದ್ದು, ಬೆಲೆ ಕೇಳಿದರೆ ಕಾರೇ ಬೇಡ ಅನ್ನಿಸುತ್ತೆ. ಹಾಗಾಗಿ ನಾಲ್ಕು ಚಕ್ರಕ್ಕೂ 185/70 ಆರ್14 ಹಾಕಿಸಿದ್ದೇನೆ. ಸ್ಟೆಪ್ನಿಯೂ ಅದೇ ಇರಲಿ ಅಂತ ಐದನೆಯದನ್ನೂ ತಂದೆ. ಲೆಕ್ಕ ಹಾಕಿದರೆ ಹಳೆ ಟೈರಿನ ಎತ್ತರ ಸುಮಾರು 625 ಮಿ.ಮೀ., ಹೊಸದರದ್ದು 615. ಹೊಸದೇ ಚಿಕ್ಕದು! ಗುಂಡಿಯಲ್ಲಿ ಕೂರಲೇಬೇಕು ಅಲ್ವಾ?

ಅಷ್ಟರಲ್ಲಿ ಭಾವ ಬಂದರು.

ನಮ್ಮ ಭಾವನಿಗೆ ಟೇಪಿನ ಮೇಲೆ ನಂಬಿಕೆ ಇಲ್ಲ. ಏನನ್ನೇ ಆಗಲಿ ಗೇಣಿನಲ್ಲೇ ಅಳೆಯುತ್ತಾರೆ. ಫ್ರಿಜ್ ತರುವ ಮುಂಚೆ ಅಡುಗೆಮನೆ ಬಾಗಿಲಿಗೆ ಗೇಣು ಹಾಕುತ್ತಾರೆ. ಯಾರದೇ ಮನೆಗೆ ಹೋದರೂ ಕೂರುವುದಕ್ಕೆ ಮೊದಲು ಟೀಪಾಯಿ ಅಳೆದಾಗಿರುತ್ತೆ, ಯಾಕೆ ಅಂತ ಅವರಿಗೂ ಗೊತ್ತಿಲ್ಲ.

"ಭಾವ, ಟೇಪ್ ಇಲ್ಲೇ ಇದೆ" ಅಂದೆ.

"ಇಟ್ಕೋ. ಟೇಪ್ ಮನೇಲಿ ಮರೆತು ಬರಬಹುದು. ಕೈ ಮರೆತು ಬರೋಕಾಗುತ್ತಾ?"

ಗುಂಡಿಯೊಳಗೆ ಬಗ್ಗಿದರು. ಹೆಬ್ಬೆರಳು ಊರಿ ಕಿರುಬೆರಳು ಚಾಚಿದರು. "ಎರಡು ಗೇಣು, ಒಂದು ಚೋಟು." ಎದ್ದು ಟೈರಿನ ಹತ್ತಿರ ಬಂದರು. "ಎರಡು ಗೇಣು, ಒಂದು ಚೋಟು. ನೋಡಿದ್ಯಾ? ಹೇಳಿ ಮಾಡಿಸಿದ ಹಾಗಿದೆ!" ಗೇಣಿಗೆ ಒಂಬತ್ತು ಇಂಚು, ಚೋಟಿಗೆ ಆರು. ಒಟ್ಟು 24 ಇಂಚು, ಅಂದ್ರೆ 610 ಮಿ.ಮೀ. ನನ್ನ ಲೆಕ್ಕಕ್ಕೂ ಅವರ ಕೈಗೂ ಐದೇ ಮಿಲಿಮೀಟರ್ ವ್ಯತ್ಯಾಸ. ನನಗೆ ಹೊಟ್ಟೆ ಉರಿದಿದ್ದೇ ಅದಕ್ಕೆ.

ಟೈರು ಗುಂಡಿಗೆ ಇಳಿಯಿತು. ಭಾವ ಮೀಸೆ ತಿರುವಿದರು. ಮೇಲೆ ಹಲಗೆ ಇಟ್ಟೆವು. ಹಲಗೆ ಕೂರಲಿಲ್ಲ. ಡಿಕ್ಕಿ ಬಾಗಿಲು ಒತ್ತಿದರೆ ಅದು ಪುಟಿದು ನಮ್ಮ ಮುಖಕ್ಕೇ ಬಂತು. ಎತ್ತರದ ಜಗಳದಲ್ಲಿ ದಪ್ಪವನ್ನು ಯಾರೂ ಕೇಳಿರಲಿಲ್ಲ. ಅಳತೆಯ ಮೊದಲ ಸಂಖ್ಯೆಯೇ ದಪ್ಪ: ಹಳೆಯದು 165, ಇದು 185. ಇಪ್ಪತ್ತು ಮಿಲಿಮೀಟರ್ ಜಾಸ್ತಿ.

ಭಾವ ಮತ್ತೆ ಬಗ್ಗಿದರು. "ಒಂದೇ ಬೆರಳು ಕಣೋ. ಒಂದು ಬೆರಳಲ್ವಾ, ಅಡ್ಜಸ್ಟ್ ಆಗುತ್ತೆ" ಅಂದವರೇ ಡಿಕ್ಕಿ ಬಾಗಿಲಿನ ಮೇಲೆ ಹತ್ತಿ ಕೂತರು. ಐವತ್ತು ವರ್ಷದ ತಗಡು ಕಿರ್ ಅಂತು. ನನ್ನ ಎದೆಯೂ ಅಂತು. ಅದೇ ಹೊತ್ತಿಗೆ ನನ್ನ ಹೆಂಡತಿ ಹೊರಗೆ ಬಂದಳು. "ಅಣ್ಣಾ, ಅಲ್ಲಿ ಯಾಕೆ ಕೂತಿದೀರಿ?" "ಸ್ಟೆಪ್ನಿ ಹಾಕ್ತಿದೀವಮ್ಮ" ಅಂದರು ಭಾವ, ಅಷ್ಟೇ ಗಂಭೀರವಾಗಿ. ಇಳಿದ ತಕ್ಷಣ ಬಾಗಿಲೂ ಅವರ ಜೊತೆಗೇ ಎದ್ದಿತು.

ಆಮೇಲೆ ಅವರಿಗೆ ಹೊಳೆಯಿತು. ವಾಲ್ವ್ ಒತ್ತಿ ಗಾಳಿ ಬಿಟ್ಟರು. ಟೈರು ಬುಸ್ ಅಂತ ಮೆತ್ತಗಾಯಿತು. ಡಿಕ್ಕಿ ಟಕ್ ಅಂತ ಮುಚ್ಚಿತು. "ಮುಗೀತಲ್ಲ!"

"ಭಾವ, ರಸ್ತೆಯಲ್ಲಿ ಒಂದು ಟೈರು ಪಂಕ್ಚರ್ ಆದರೆ, ಈ ಗಾಳಿ ಇಲ್ಲದ್ದನ್ನ ತೆಗೆದು ಏನು ಮಾಡ್ಲಿ?"

"ಪಂಪ್ ಇಟ್ಕೋ."

ನಗೋಣ ಅಂದರೆ ಅದಕ್ಕೂ ಇಲ್ಲ. 1970ರ ದಶಕದ ಮಧ್ಯದಿಂದ ಪೋರ್ಷೆ 911 ಕಾರಿನಲ್ಲಿ ಮಡಿಸಿದ ಸ್ಟೆಪ್ನಿ ಇರುತ್ತಿತ್ತು. ಜೊತೆಗೊಂದು ಕರೆಂಟಿನ ಪಂಪು. ಪಂಕ್ಚರ್ ಆದಾಗ ಗಾಳಿ ತುಂಬಿಸಿ ಹಾಕಿಕೊಳ್ಳಬೇಕಿತ್ತು. ಭಾವನಿಗೆ ಇದನ್ನು ನಾನು ಇನ್ನೂ ಹೇಳಿಲ್ಲ. ಹೇಳೋದೂ ಇಲ್ಲ.

"ಮುಂಚೆ ಇದ್ದಿದ್ದಕ್ಕೆ ಏನಾಗಿತ್ತು?" ಅಂತ ಕೇಳಿದಳು ಇವಳು. ನ್ಯಾಯವಾದ ಪ್ರಶ್ನೆ. ಹಳೆ ಸ್ಟೆಪ್ನಿ ಗೋಡೆಗೆ ಒರಗಿ ನಿಂತಿತ್ತು. ಅದರ ಮೇಲೆ ತಯಾರಾದ ದಿನದ ಗುರುತು ಮೂರೇ ಅಂಕಿ, ಕೊನೆಯದು 8. 2000ದಿಂದ ಈಚಿನವಕ್ಕೆ ನಾಲ್ಕು ಅಂಕಿ: ಮೊದಲೆರಡು ವಾರ, ಕೊನೆಯೆರಡು ವರ್ಷ. ಮೂರು ಅಂಕಿಯದು 1978 ಇರಬಹುದು, 1988 ಇರಬಹುದು, ಟೈರು ಬಾಯಿಬಿಡಲ್ಲ. ಅಚ್ಚಿನಿಂದ ಹೊರಬಂದಾಗ ಇರುವ ರಬ್ಬರಿನ ಸಣ್ಣ ಕೂದಲು ಇನ್ನೂ ಹಾಗೇ ಇತ್ತು. ಅಂದ್ರೆ ಒಂದು ದಿನವೂ ರಸ್ತೆ ಮುಟ್ಟಿಲ್ಲ. ಕಾರಿನ ಹಿಂದಿನ ಯಜಮಾನರು ಊರೂರು ಸುತ್ತಿದ್ದರಂತೆ. ಇದೂ ಅವರ ಜೊತೆ ಅಷ್ಟೂ ಊರಿಗೆ ಹೋಗಿದೆ, ಕತ್ತಲಲ್ಲಿ ಮಲಗಿಕೊಂಡು. ನಾನು ಸ್ವಲ್ಪ ಹೊತ್ತು ಅದನ್ನೇ ಸವರುತ್ತಾ ಕೂತೆ. ಪಕ್ಕದಲ್ಲೆಲ್ಲ ಬಿರುಕು. ಬಳಸದಿದ್ದರೂ ರಬ್ಬರಿಗೆ ವಯಸ್ಸಾಗುತ್ತೆ. ಹತ್ತು ವರ್ಷ ದಾಟಿದ್ದನ್ನು ಹಾಕಿ ಓಡಿಸಬೇಡಿ ಅಂತ ಟೈರು ಮಾಡುವವರೇ ಹೇಳುತ್ತಾರೆ.

ಕೊನೆಗೆ ಗತಿಯಾಗಿದ್ದು ಈಗಿನ ಕಾರುಗಳ ಸಣಕಲು ಸ್ಟೆಪ್ನಿ. ಟಿ125/90 ಡಿ15. ದಪ್ಪ ಬರೀ 125, ಎತ್ತರ 606. ಒಳಗಿನ ಬ್ರೇಕಿಗೂ ತಾಗಲ್ಲ. ನಟ್ಟಿನ ತೂತು ಮಾತ್ರ ನಾಲ್ಕೇ ಇರಬೇಕು, ಆ ನಾಲ್ಕೂ 114.3 ಮಿ.ಮೀ. ವೃತ್ತದ ಮೇಲೇ ಇರಬೇಕು. ಗುಜರಿ ಗುಜರಿ ಅಲೆದು ತಂದೆ. ಅದಕ್ಕೆ 60 ಪಿಎಸ್‌ಐ ಗಾಳಿ. ಗಂಟೆಗೆ 80 ಕಿ.ಮೀ. ದಾಟುವಂತಿಲ್ಲ. ಇದರ ಜೊತೆಗೆ ಬೇರೆ ನಟ್ಟೂ ಬೇಕು. ನಮ್ಮ ಅಲಾಯ್ ಚಕ್ರದ ನಟ್ಟು ಚಪ್ಪಟೆ ವಾಷರಿನದು, ಈ ಕಬ್ಬಿಣದ ಚಕ್ರಕ್ಕೆ ಚೂಪು ಬುಡದ ನಟ್ಟೇ ಆಗಬೇಕು. ನಾಲ್ಕು ನಟ್ಟಿಗೆ ಒಂದು ಚೀಲ. ಆ ಚೀಲಕ್ಕೆ ಜಾಗ ಎಲ್ಲಿ, ಅದು ಇನ್ನೊಂದು ಗೋಳು.

ಆದರೂ ಹಲಗೆ ಕೂತಿತು. ಡಿಕ್ಕಿ ಮುಚ್ಚಿತು. ಯಾರೂ ಮೇಲೆ ಹತ್ತಬೇಕಾಗಲಿಲ್ಲ.

"ಸರಿ" ಅಂದಳು ನನ್ನ ಹೆಂಡತಿ. "ಪಂಕ್ಚರ್ ಆದ ದಪ್ಪ ಟೈರನ್ನ ಎಲ್ಲಿ ಇಟ್ಕೊಂಡು ಬರ್ತೀರಿ? ಗುಂಡೀಲಿ ಹಿಡಿಯಲ್ಲ ಅಂತ ಆಗಲೇ ಗೊತ್ತಾಯ್ತಲ್ಲ."

ನಾನು ಸುಮ್ನೆ ನಿಂತೆ. ಭಾವ ಕಾರಿನೊಳಗೆ ಬಗ್ಗಿ ಪಕ್ಕದ ಸೀಟಿಗೆ ಗೇಣು ಹಾಕಿದರು. "ಇಲ್ಲಿ ಇಡಬಹುದು. ನಿಲ್ಲಿಸಿ ಬೆಲ್ಟ್ ಕಟ್ಟಿದರೆ ಅಲ್ಲಾಡಲ್ಲ."

"ಟೈರ್ ಮನೆ ಸೇರುತ್ತೆ. ನಾನು?"

ಭಾವ ಒಂದು ಕ್ಷಣ ಯೋಚಿಸಿದರು. ಆಮೇಲೆ ಸ್ಟೆಪ್ನಿ ತೆಗೆದ ಮೇಲೆ ಖಾಲಿಯಾಗುವ ಗುಂಡಿಯ ಕಡೆ ತಿರುಗಿ, ಹೆಬ್ಬೆರಳು ಊರಿದರು.