ಒಂದೇ ಬಸ್ಸು, ಒಂದೇ ಲಕ್ಕುಂಡಿ

ಹೋದ ಚಳಿಗಾಲದಲ್ಲಿ ಒಂದು ಭಾನುವಾರ ಹುಬ್ಬಳ್ಳಿಯಿಂದ ಲಕ್ಕುಂಡಿಗೆ ಹೊರಟೆವು. ನಾನು, ಅವ್ವ, ಕಾಕಾ, ಎಂಟು ವರ್ಷದ ಮಗ. ಊರು ಆರಿಸಿದ್ದು ನಾನೇ. ಎಷ್ಟು ಗಂಟೆಗೆ ಯಾವ ಗುಡಿ ಅಂತ ಚೀಟಿಯಲ್ಲಿ ಬರೆದುಕೊಂಡಿದ್ದೆ. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ ಮೊದಲು, ಆಮೇಲೆ ಉಳಿದದ್ದು.

ಚೀಟಿ ಕೆಟ್ಟಿದ್ದು ಅಣ್ಣಿಗೇರಿಯಲ್ಲೇ. ಅಲ್ಲಿ ಬಸ್ಸು ಹತ್ತಿದ ಒಬ್ಬ ಹೆಣ್ಣುಮಗಳು ಅವ್ವನ ಪಕ್ಕ ಕೂತಳು. ಅವಳ ನಾದಿನಿಯನ್ನು ಕೊಟ್ಟಿದ್ದು ರೋಣಕ್ಕಂತೆ. ಅವ್ವನ ತವರು ರೋಣ. ಮುಗೀತಲ್ವಾ! ಗದಗ ಬರುವಷ್ಟರಲ್ಲಿ ಶೇಂಗಾ ಹೋಳಿಗೆ ಆ ಕಡೆ, ಫೋನ್ ನಂಬರ್ ಈ ಕಡೆ. ಅಲ್ಲಿಂದ 12 ಕಿಲೋಮೀಟರ್ ಇನ್ನೊಂದು ಬಸ್ಸಿನಲ್ಲಿ ಹೋಗುವಾಗಲೂ ಅವ್ವ ಅದನ್ನೇ ಹೇಳುತ್ತಿದ್ದಳು.

ಕಾಕಾ ಬೇರೆ ಥರ. ಕಬ್ಬಿಣವನ್ನು ತಿರುಗಿಸುತ್ತಾ ಕೊರೆಯುವ ಲೇತ್ ಮಷೀನ್ ಮುಂದೆ ಮೂವತ್ತು ವರ್ಷ ನಿಂತವರು. ಗುಡಿ ಅಂದರೆ ಕೈ ಮುಗಿದು ಹೊರಗೆ ಬರೋದಷ್ಟೇ ಅವರಿಗೆ. ಕಾಶಿ ವಿಶ್ವೇಶ್ವರ ಗುಡಿಯ ಬಾಗಿಲಿನ ಕೆತ್ತನೆಗೆ ನಾನು ಬಾಯಿ ಬಿಟ್ಟು ನಿಂತಿದ್ದರೆ, ಇವರು ಒಂದು ಕಂಬದ ಸುತ್ತ ಸುತ್ತುತ್ತಿದ್ದರು. ಕಂಬದ ನಡುವಿನ ಉಂಗುರದಂಥ ಗೆರೆಗಳ ಮೇಲೆ ಹೆಬ್ಬೆರಳಿನ ಉಗುರು ಓಡಿಸಿದರು. ಒಂದು ಸುತ್ತು. ಮತ್ತೊಂದು.

"ತಮ್ಮಾ, ಇದು ಬರೇ ಉಳಿ ಕೆಲಸ ಅಲ್ಲ. ತಿರಗಿಸಿ ತಗದಾರ."

ಬಳಪದ ಕಲ್ಲು ಗಣಿಯಿಂದ ತೆಗೆದ ಹೊಸದರಲ್ಲಿ ಮೆತ್ತಗಿರುತ್ತದೆ, ಗಾಳಿಗೆ ಬಿದ್ದಮೇಲೆ ಗಟ್ಟಿಯಾಗುತ್ತದೆ ಅಂತ ನಾನು ಓದಿದ್ದನ್ನು ಹೇಳಿದೆ. "ಮೆತ್ತಗಿದ್ರೇನಾತು, ಇಷ್ಟ್ ಭಾರ ಅಲ್ಲಾಡದಂಗ ಹೆಂಗ್ ಹಿಡದ್ರು?" ಅಂದರು. ನನ್ನ ಓದು ಅಷ್ಟಕ್ಕೇ ಮುಗಿದಿತ್ತು.

ಮಗ ಮುಸುಕಿನ ಬಾವಿಯ ಮೆಟ್ಟಿಲು ಎಣಿಸಿದ. ಎರಡು ಸಲ ಎಣಿಸಿ ಎರಡು ಲೆಕ್ಕ ಕೊಟ್ಟ. ಮೂರನೇ ಸಲಕ್ಕೆ ನಾನು ಬಿಡಲಿಲ್ಲ. ಆ ಸಿಟ್ಟು ಗದಗಿನಲ್ಲಿ ಮಿರ್ಚಿ ತಿನ್ನುವ ತನಕ ಇತ್ತು.

ಬ್ರಹ್ಮ ಜಿನಾಲಯಕ್ಕೆ ಹೋದಾಗ ಬಿಸಿಲು ಇಳಿದಿತ್ತು. ನಾನು ಗಡಿಬಿಡಿಯಲ್ಲಿ ಫೋಟೋ ಹೊಡೆದೆ. ಎಲ್ಲಾ ಸೇರಿ 140. ಇವತ್ತಿಗೂ ಸರಿಯಾಗಿ ತೆರೆದು ನೋಡಿಲ್ಲ, ಸುಮ್ನೆ ಫೋನಿನಲ್ಲಿ ಜಾಗ ತಿನ್ನುತ್ತಿವೆ.

ಲಕ್ಕುಂಡಿ ಹೆಂಗಿತ್ತು ಅಂತ ಯಾರಾದರೂ ಕೇಳಿದರೆ ಅವ್ವ ಅಣ್ಣಿಗೇರಿಯ ಸುದ್ದಿ ಹೇಳುತ್ತಾಳೆ. ಕಾಕಾ ಮೊನ್ನೆ ಮನೆಗೆ ಬಂದವರು ಚಹಾ ಕುಡಿಯುತ್ತಾ, ಮತ್ತೆ ಯಾವಾಗ ಹೋಗೋಣ ಅಂದರು. ಅಂಗಿಯ ಜೇಬಿನಿಂದ ದಪ್ಪ ಅಳೆಯುವ ಹಳೇ ವರ್ನಿಯರ್ ಕ್ಯಾಲಿಪರ್ ತೆಗೆದು ಟೀಪಾಯಿ ಮೇಲಿಟ್ಟರು. ಎಣ್ಣೆ ಹಾಕಿ ಒರೆಸಿದ್ದರು.